ಗೋಡೆಗೆ ಹದಿನೈದೇ ತೂತು: ಮನೆಯ ಕಾರ್ಯಾಗಾರದ ಉಪಕರಣಗಳನ್ನು ಗೋಡೆಗೇರಿಸುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲೇ ಮರಗೆಲಸ, ನಲ್ಲಿ ರಿಪೇರಿ, ಸಣ್ಣಪುಟ್ಟ ವೈರಿಂಗ್ ಮಾಡಿಕೊಳ್ಳುವವರಿಗೆ ಉಪಕರಣಗಳ ಕೊರತೆ ಇರುವುದು ಅಪರೂಪ. ಇರುವ ಉಪಕರಣ ಬೇಕಾದ ಹೊತ್ತಿಗೆ ಸಿಗದಿರುವುದೇ ಅವರ ತೊಂದರೆ. ಒಂದೇ ಪೆಟ್ಟಿಗೆಯಲ್ಲಿ ಉಳಿ, ಅರ, ಸುತ್ತಿಗೆ, ಸ್ಪ್ಯಾನರ್ ಎಲ್ಲವನ್ನೂ ತುಂಬಿಟ್ಟರೆ ಹುಡುಕಾಟಕ್ಕೆ ಹೊತ್ತು ಹೋಗುವುದು ಒಂದು ನಷ್ಟ. ಉಳಿಯ ಬಾಯಿ ಸುತ್ತಿಗೆಗೆ ತಾಗಿ ಮುಕ್ಕಾಗುವುದು, ಅರದ ಹಲ್ಲುಗಳು ಒಂದಕ್ಕೊಂದು ಉಜ್ಜಿ ಸವೆಯುವುದು ಅದಕ್ಕಿಂತ ದೊಡ್ಡ ನಷ್ಟ. ಗೋಡೆಯ ಮೇಲೆ ತೂಗುಹಾಕಿದರೆ ಈ ಎರಡೂ ತಪ್ಪುತ್ತವೆ, ನೆಲದ ಜಾಗವೂ ಉಳಿಯುತ್ತದೆ.

ಹೊರದೇಶದ ವಿಡಿಯೋಗಳನ್ನು ನೋಡಿ ಹೊರಟವರು ನಮ್ಮ ಮನೆಗಳಲ್ಲಿ ಒಂದು ಅಡಚಣೆಗೆ ಸಿಕ್ಕುತ್ತಾರೆ. ಅಮೆರಿಕದ ಬಹುತೇಕ ಮನೆಗಳ ಗೋಡೆಯೊಳಗೆ ಮರದ ಕಂಬಗಳಿರುತ್ತವೆ. ಕಂಬ ಇರುವ ಕಡೆ ನೋಡಿ ಸ್ಕ್ರೂ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ನಮ್ಮದು ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್, ಕರಾವಳಿಯಲ್ಲಿ ಕೆಂಪುಕಲ್ಲು. ಪ್ರತಿಯೊಂದು ಕೊಕ್ಕೆಗೂ ಡ್ರಿಲ್ ಹಿಡಿದು ತೂತು ಕೊರೆದು, ಸ್ಕ್ರೂ ಕಚ್ಚಿಕೊಳ್ಳಲು ಪ್ಲಾಸ್ಟಿಕ್ ಪ್ಲಗ್ ಬಡಿಯಬೇಕು. ಹಾಗಾಗಿ ಕೊಕ್ಕೆಯ ಜಾಗ ಸರಿಯಿಲ್ಲ ಎಂದು ಗೊತ್ತಾದ ಮೇಲೂ ಅದನ್ನು ಬದಲಿಸಲು ಮನಸ್ಸು ಬರುವುದಿಲ್ಲ. ಗೋಡೆಗೆ ಒಂದೇ ಸಲ ಗಟ್ಟಿಯಾದ ಮರದ ಚೌಕಟ್ಟನ್ನು ಕೂರಿಸಿ, ಮುಂದಿನ ಬದಲಾವಣೆಗಳನ್ನೆಲ್ಲ ಆ ಮರದ ಮೇಲೇ ಮಾಡಿಕೊಳ್ಳುವುದು ನಮಗೆ ಒಗ್ಗುವ ದಾರಿ. ಈ ಕೆಲಸಕ್ಕೆ, ಓರೆಯಾಗಿ ಸೀಳಿದ ಎರಡು ಪಟ್ಟಿಗಳು ಕೊಕ್ಕೆಯಂತೆ ಒಂದರೊಳಗೊಂದು ಕೂರುವ ಫ್ರೆಂಚ್ ಕ್ಲೀಟ್ ಎಂಬ ಓರೆಪಟ್ಟಿಯ ವಿಧಾನಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. 8 ಅಡಿ ಅಗಲದ ಗೋಡೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತೇನೆ. ನಿಮ್ಮ ಗೋಡೆ ಚಿಕ್ಕದಿದ್ದರೆ ಅಳತೆಗಳನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಿ.

ಮೊದಲು ಎಲ್ಲವನ್ನೂ ನೆಲಕ್ಕೆ ಹರಡಿ

ಮರ ತರುವ ಮುನ್ನ ಮನೆಯಲ್ಲಿರುವ ಉಪಕರಣಗಳನ್ನೆಲ್ಲ ಹಳೆಯ ಚಾಪೆಯ ಮೇಲೆ ಹರಡಿ. ಅಟ್ಟದ ಮೇಲಿರುವುದು, ಸ್ಕೂಟರಿನ ಡಿಕ್ಕಿಯಲ್ಲಿರುವುದು, ಅಡುಗೆಮನೆಯ ಡ್ರಾಯರಿನಲ್ಲಿ ಸೇರಿಕೊಂಡಿರುವ ಸ್ಕ್ರೂ ಡ್ರೈವರ್ ಎಲ್ಲವೂ ಬರಲಿ. ಜಾತಿಯ ಪ್ರಕಾರ ವಿಂಗಡಿಸುವುದು ಸುಲಭ, ಆದರೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಯಾವ ಕೆಲಸಕ್ಕೆ ಯಾವುವು ಒಟ್ಟಿಗೆ ಬೇಕಾಗುತ್ತವೆ ಎಂದು ನೋಡಿ. ನಲ್ಲಿಯ ಕೆಲಸಕ್ಕೆ ಪೈಪ್ ರೆಂಚ್, ಹೊಂದಿಸುವ ಸ್ಪ್ಯಾನರ್, ಹ್ಯಾಕ್ಸಾ, ಟೆಫ್ಲಾನ್ ಟೇಪು ಒಟ್ಟಿಗೆ ಬೇಕು. ವೈರಿಂಗಿಗೆ ಟೆಸ್ಟರ್, ಕಟಿಂಗ್ ಪ್ಲೇಯರ್, ವೈರ್ ಸುಲಿಯುವ ಇಕ್ಕಳ, ಇನ್ಸುಲೇಷನ್ ಟೇಪು. ಮರಗೆಲಸಕ್ಕೆ ಮೂಲೆಮಟ್ಟ, ಪೆನ್ಸಿಲು, ಗರಗಸ, ಉಳಿ, ಕೀಸುಳಿ. ಗೋಡೆಯ ಮೇಲೂ ಅವು ಇದೇ ನೆರೆಹೊರೆಯಲ್ಲಿರಲಿ.

ಆಮೇಲೆ ಮೂರು ಗುಂಪು ಮಾಡಿ: ವಾರಕ್ಕೊಮ್ಮೆಯಾದರೂ ಮುಟ್ಟುವುದು, ತಿಂಗಳಿಗೊಮ್ಮೆ ಬೇಕಾಗುವುದು, ವರ್ಷಕ್ಕೊಮ್ಮೆ ನೆನಪಾಗುವುದು. ಗೋಡೆ ಇರುವುದು ಮೊದಲೆರಡು ಗುಂಪಿಗೆ. ಮೂರನೆಯದು ಪೆಟ್ಟಿಗೆಯಲ್ಲೇ ಇರಲಿ, ಪೆಟ್ಟಿಗೆಯ ಮೇಲೆ ಒಳಗೇನಿದೆ ಎಂದು ಬರೆದಿರಲಿ. ಹಿಡಿ ಅಲುಗುವ ಸುತ್ತಿಗೆ, ಹಿಡಿಯೇ ಇಲ್ಲದ ಅರ ಇವುಗಳನ್ನು ಸರಿಪಡಿಸುವ ಮುನ್ನ ಗೋಡೆಗೆ ಏರಿಸಬೇಡಿ. ಅಲುಗುವ ಸುತ್ತಿಗೆಯ ತಲೆ ಕೆಲಸದ ನಡುವೆ ಹಾರಿದರೆ ಆಗುವ ಅನಾಹುತ ಸಣ್ಣದಲ್ಲ.

ಗೋಡೆಯ ಮೇಲೆ ಇರಬಾರದ ವಸ್ತುಗಳೂ ಇವೆ. ಬಣ್ಣ, ಥಿನ್ನರ್, ಟರ್ಪೆಂಟೈನ್ ಡಬ್ಬಿಗಳು ನೆಲಮಟ್ಟದಲ್ಲಿ, ಮುಚ್ಚಿದ ಕಬಾಟಿನಲ್ಲಿ, ಸ್ವಿಚ್ ಬೋರ್ಡಿನಿಂದ ದೂರ ಇರಬೇಕು. ಹಾರೆ, ಪಿಕಾಸಿ, ಗುದ್ದಲಿಗಳನ್ನು ಮೂಲೆಯಲ್ಲಿ ನಿಲ್ಲಿಸುವುದೇ ಕ್ಷೇಮ.

ಗೋಡೆಯನ್ನು ಓದಿಕೊಳ್ಳುವುದು

ಇಡೀ ಕೆಲಸದ ಭದ್ರತೆ ನಿಂತಿರುವುದು ಇಲ್ಲಿ. ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ.

ಮೊದಲನೆಯದು ತೇವ. ಮಲೆನಾಡು ಮತ್ತು ಕರಾವಳಿಯಲ್ಲಿ ಮುಂಗಾರಿನ ಮಳೆ ನೈಋತ್ಯದಿಂದ ಬಡಿಯುತ್ತದೆ. ಆ ದಿಕ್ಕಿನ ಹೊರಗೋಡೆಯನ್ನು ಬಿಟ್ಟು ಒಳಗಿನ ಅಡ್ಡಗೋಡೆಯನ್ನು ಆರಿಸಿಕೊಳ್ಳಿ. ಹಿಂಬದಿಯಲ್ಲಿ ಬಚ್ಚಲುಮನೆ ಇರುವ ಗೋಡೆಯೂ ಬೇಡ. ಅಲ್ಲಿ ತೇವವೂ ಇರುತ್ತದೆ, ಒಳಗೆ ನೀರಿನ ಪೈಪೂ ಇರುತ್ತದೆ. ಅನುಮಾನವಿದ್ದರೆ ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಗೋಡೆಗೆ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ನೀರಹನಿ ಕಟ್ಟಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಹೊರಬದಿಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚು. ಮೊದಲನೆಯದಾದರೆ ಬೇರೆ ಗೋಡೆ ಹುಡುಕಿ, ಎರಡನೆಯದಾದರೆ ಕಿಟಕಿ ತೆರೆದಿಡುವ ಏರ್ಪಾಡು ಮಾಡಿ.

ಎರಡನೆಯದು ಗೋಡೆಯ ಒಳಗಿನ ವಸ್ತು. ಸುಟ್ಟ ಇಟ್ಟಿಗೆ ಮತ್ತು ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಗೋಡೆಗಳಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಚೆನ್ನಾಗಿ ಹಿಡಿಯುತ್ತದೆ. ಕೆಂಪುಕಲ್ಲು ಮೆದು, ಒಳಗೆ ಸಣ್ಣ ಸಣ್ಣ ಪೊಳ್ಳುಗಳೂ ಇರುತ್ತವೆ. ಅಲ್ಲಿ ಉದ್ದದ ಪ್ಲಗ್ ಬೇಕು, ಬಡಿಯುತ್ತ ಕೊರೆಯುವ ಡ್ರಿಲ್ಲಿನ ಹ್ಯಾಮರ್ ಗುಂಡಿಯನ್ನು ಆಫ್ ಮಾಡಿ ನಿಧಾನವಾಗಿ ಕೊರೆಯಬೇಕು. ಇತ್ತೀಚಿನ ಅಪಾರ್ಟ್‌ಮೆಂಟುಗಳಲ್ಲಿ ಬಳಸುವ ಹಗುರವಾದ ಎಎಸಿ ಬ್ಲಾಕಿಗೂ ಹ್ಯಾಮರ್ ಬೇಡ. ಅದಕ್ಕೆಂದೇ ಮಾಡಿದ ಪ್ಲಗ್ ಕೇಳಿ ಪಡೆಯಿರಿ. ಒಳಗೆ ಟೊಳ್ಳಿರುವ ಹಾಲೋ ಬ್ಲಾಕಿನಲ್ಲಿ ಸಾಮಾನ್ಯ ಪ್ಲಗ್ ಟೊಳ್ಳಿನೊಳಗೆ ಸಡಿಲಾಗಿ ತಿರುಗುತ್ತದೆ. ಹಿಂದೆ ಅರಳಿಕೊಳ್ಳುವ ಬಗೆಯದು ಬೇಕು. ಹಳೆಯ ಮಣ್ಣಿನ ಗೋಡೆಯನ್ನು ಯಾವ ಪ್ಲಗ್ಗನ್ನು ನಂಬಿಯೂ ಕೊರೆಯಬೇಡಿ. ನೆಲದಿಂದ ತೊಲೆಯವರೆಗೆ ಎರಡು ಮೂರು ಮರದ ಕಂಬ ನಿಲ್ಲಿಸಿ, ಭಾರವನ್ನು ಅವುಗಳ ಮೇಲೆ ಹೊರಿಸಿ.

ಮೂರನೆಯದು ಗೋಡೆಯೊಳಗಿನ ವೈರು. ನಮ್ಮ ಮನೆಗಳಲ್ಲಿ ಪೈಪು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ ತಾರಸಿಯ ಕಡೆಗೆ ಹೋಗುತ್ತದೆ. ಕೆಲವೆಡೆ ಬೋರ್ಡಿನಿಂದ ಬೋರ್ಡಿಗೆ ಅಡ್ಡವಾಗಿಯೂ ಓಡುತ್ತದೆ. ಪ್ರತಿ ಬೋರ್ಡಿನ ಮೇಲೆ, ಕೆಳಗೆ, ಎರಡೂ ಬದಿಗೆ ಒಂದೊಂದು ಅಡಿ ಅಗಲದ ಪಟ್ಟಿಯನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಅದರೊಳಗೆ ಕೊರೆಯಬೇಡಿ. ಮನೆ ಕಟ್ಟುವಾಗ ಗಾರೆಗೆ ಮುಂಚೆ ತೆಗೆದ ಫೋಟೋಗಳಿದ್ದರೆ ಅವಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಕೊರೆಯುವ ದಿನ ಮೇನ್ ಬೋರ್ಡಿನಲ್ಲಿ ಆ ಕೋಣೆಯ ವಿದ್ಯುತ್ ಕಡಿಯುವ ಸ್ವಿಚ್ಚನ್ನು (ಎಂಸಿಬಿ) ಇಳಿಸಿ, ಬೇರೆ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆದು ಡ್ರಿಲ್ ನಡೆಸಿ.

ಬೆಳಕನ್ನೂ ಮರೆಯಬಾರದು. ಬಲಗೈಯವರಿಗೆ ಕಿಟಕಿ ಎಡಕ್ಕಿದ್ದರೆ ಕೆಲಸದ ಮೇಲೆ ಕೈಯ ನೆರಳು ಬೀಳುವುದಿಲ್ಲ.

ಬೇಕಾದ ಸಾಮಗ್ರಿ

8 ಅಡಿಗೆ 4 ಅಡಿಯ 18 ಮಿ.ಮೀ. ಪ್ಲೈವುಡ್ ಒಂದು ಹಾಳೆ ಸಾಕು. ಪ್ಲೈವುಡ್ ಆರಿಸುವಾಗ ಜಿಪುಣತನ ಬೇಡ. ಮೇಲೆ ಐಎಸ್ 303 ಮುದ್ರೆಯಿದ್ದರೆ ಅದು ಸಾಮಾನ್ಯವಾಗಿ ಒಣ ಜಾಗಕ್ಕೆ ಹೊಂದುವ ವಾಣಿಜ್ಯ ದರ್ಜೆ. ಐಎಸ್ 710 ಇದ್ದರೆ ನೀರು ತಡೆಯುವ ಮರೈನ್ ದರ್ಜೆ. ಬಳ್ಳಾರಿ, ರಾಯಚೂರಿನ ಒಣಹವೆಗೆ ಮೊದಲನೆಯದು ನಡೆಯುತ್ತದೆ. ಉಡುಪಿ, ಶಿರಸಿ, ಆಗುಂಬೆಯ ಕಡೆಯವರು ಎರಡನೆಯದನ್ನೇ ಕೊಳ್ಳಲಿ. ಮರದ ಚೂರು, ನಾರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಹಲಗೆಗಳನ್ನು ಅಗ್ಗವೆಂದು ತಂದರೆ ತೇವ ಹೀರಿ ಉಬ್ಬುತ್ತವೆ. ಉಬ್ಬಿದ ಮೇಲೆ ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ.

ಹಿಂಬದಿಯ ಆಧಾರಕ್ಕೆ ಹೆಂಚಿನ ಮಾಡಿಗೆ ಬಳಸುವ 2 ಇಂಚು ಅಗಲ, 1 ಇಂಚು ದಪ್ಪದ ರೀಪು ತನ್ನಿ, ಒಟ್ಟು 15 ಅಡಿ. ನೇರವಾಗಿರುವ, ಗಂಟುಗಳಿಲ್ಲದ ರೀಪುಗಳನ್ನು ಒಂದೊಂದಾಗಿ ಕಣ್ಣೆದುರು ಹಿಡಿದು ನೋಡಿ ಆರಿಸಿ. ಗೆದ್ದಲಿನ ಔಷಧಿಯನ್ನು ಎರಡು ಸಲ ಬಳಿದು ಒಣಗಿಸಿ.

ಗೋಡೆಗೆ 8 ಮಿ.ಮೀ. ಪ್ಲಗ್ ಮತ್ತು ಅದಕ್ಕೆ ಹೊಂದುವ ಸ್ಕ್ರೂ 15 ಜೊತೆ. ಸ್ಕ್ರೂವಿನ ಉದ್ದವನ್ನು ಅಂದಾಜಿಗೆ ಬಿಡಬೇಡಿ, ಲೆಕ್ಕ ಹಾಕಿ: ರೀಪಿನ ದಪ್ಪ 25 ಮಿ.ಮೀ., ಗಾರೆ 15 ಮಿ.ಮೀ., ಇಟ್ಟಿಗೆಯೊಳಗಿನ ಪ್ಲಗ್ 40 ಮಿ.ಮೀ., ಒಟ್ಟು 80. ಮೂರು ಇಂಚಿನ ಸ್ಕ್ರೂ 76 ಮಿ.ಮೀ. ಮಾತ್ರ, ಕೊಂಚ ಗಿಡ್ಡ. ಮೂರೂವರೆ ಇಂಚಿನದು ಕೇಳಿ. ಗಾರೆಯನ್ನು ಲೆಕ್ಕದಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಗಾರೆ ಭಾರ ಹೊರುವುದಿಲ್ಲ. ಪ್ಲಗ್ ಅರ್ಧ ಗಾರೆಯಲ್ಲಿ, ಅರ್ಧ ಇಟ್ಟಿಗೆಯಲ್ಲಿ ನಿಂತರೆ ಭಾರ ಬಿದ್ದಾಗ ಗಾರೆ ಪುಡಿಯಾಗಿ ಇಡೀ ಚೌಕಟ್ಟು ಮುಂದಕ್ಕೆ ವಾಲುತ್ತದೆ.

ಪಟ್ಟಿಗಳನ್ನು ರೀಪಿಗೆ ಕೂರಿಸಲು ಒಂದೂವರೆ ಇಂಚಿನ ಸ್ಕ್ರೂ 50 ಬೇಕು. ಜೊತೆಗೆ ಮರಕ್ಕೆ ಹಚ್ಚುವ ಬಿಳಿ ಅಂಟು, ಉಪ್ಪುಕಾಗದ, ಕಣ್ಣಿಗೆ ಕನ್ನಡಕ.

ಓರೆಪಟ್ಟಿ ಸೀಳುವುದು

ಪ್ಲೈವುಡ್ಡನ್ನು 8 ಅಡಿ ಉದ್ದಕ್ಕೆ 150 ಮಿ.ಮೀ. ಅಗಲದ ಐದು ಪಟ್ಟಿಗಳಾಗಿ ಸೀಳಬೇಕು. ಆಮೇಲೆ ಪ್ರತಿ ಪಟ್ಟಿಯನ್ನೂ ನಡುವೆ 45 ಡಿಗ್ರಿ ಓರೆಯಾಗಿ ಸೀಳಬೇಕು. ಒಂದೊಂದು ಪಟ್ಟಿಯಿಂದ ಎರಡೆರಡು ತುಂಡು ಸಿಗುತ್ತವೆ: ಒಂದು ಗೋಡೆಗೆ, ಇನ್ನೊಂದು ಉಪಕರಣ ಹಿಡಿಯುವ ಹಿಡಿಕೆಗಳ ಬೆನ್ನಿಗೆ. ಮರ ಹೆಚ್ಚು ಹಾಳಾಗುವುದಿಲ್ಲ. ಐದು ಪಟ್ಟಿಗೆ 750 ಮಿ.ಮೀ. ಹೋಗಿ ಹಾಳೆಯಲ್ಲಿ ಉಳಿಯುವ ಸುಮಾರು 450 ಮಿ.ಮೀ. ಅಗಲದ ಭಾಗದಿಂದ ಹಿಡಿಕೆಗಳ ಹಲಗೆ, ಸಣ್ಣ ಕಪಾಟುಗಳನ್ನು ಮಾಡಿಕೊಳ್ಳಬಹುದು.

ಓರೆ ಸೀಳುವುದಕ್ಕೆ ತಲೆ ವಾಲಿಸಬಹುದಾದ ಸರ್ಕ್ಯುಲರ್ ಗರಗಸ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಪ್ಲೈವುಡ್ ಅಂಗಡಿಯವರನ್ನೋ ಪರಿಚಯದ ಬಡಗಿಯನ್ನೋ ಕೇಳಿ. ಟೇಬಲ್ ಮೆಷಿನ್ ಇರುವವರಿಗೆ ಇದು ಸ್ವಲ್ಪ ಹೊತ್ತಿನ ಕೆಲಸ. ಐದೂ ಪಟ್ಟಿಗಳನ್ನು ಮೆಷಿನ್ನಿನ ಒಂದೇ ಹೊಂದಿಕೆಯಲ್ಲಿ ಸೀಳಬೇಕು ಎಂದು ಮೊದಲೇ ಹೇಳಿ. ಕೋನ ಒಂದೊಂದರಲ್ಲಿ ಒಂದೊಂದು ರೀತಿಯಾದರೆ ಹಿಡಿಕೆಗಳು ಸಾಲಿನಿಂದ ಸಾಲಿಗೆ ಬದಲಾಗುವಾಗ ಲಡಲಡ ಎನ್ನುತ್ತವೆ. ಮಾರ್ಬಲ್ ಕಟ್ಟರಿಗೆ ಮರ ಕೊಯ್ಯುವ ಬ್ಲೇಡು ಹಾಕಿ ಇದನ್ನು ಮಾಡುವವರಿದ್ದಾರೆ. ಅದರ ವೇಗವೂ ಕವಚವೂ ಮರಕ್ಕೆಂದು ಮಾಡಿದವಲ್ಲ. ದಯವಿಟ್ಟು ಅದಕ್ಕೆ ಕೈಹಾಕಬೇಡಿ.

ಸೀಳಿದ ತುಂಡಿನ ಒಂದು ಮುಖ ಸುಮಾರು 83 ಮಿ.ಮೀ., ಇನ್ನೊಂದು ಮುಖ ಸುಮಾರು 65 ಮಿ.ಮೀ. ಇರುತ್ತದೆ. ನೆನಪಿಡಬೇಕಾದ ನಿಯಮ ಒಂದೇ: ಕಿರಿದಾದ ಮುಖ ಯಾವಾಗಲೂ ಅಂಟುವ ಕಡೆಗೆ. ಗೋಡೆಯ ಪಟ್ಟಿಯಲ್ಲಿ ಕಿರಿದಾದ ಮುಖ ಗೋಡೆಯ ಕಡೆಗಿದ್ದು ಓರೆ ಅಂಚು ಮೇಲಿರಬೇಕು. ಆಗ ಪಟ್ಟಿಯ ಹಿಂದೆ ಒಂದು ತೋಡು ಉಂಟಾಗುತ್ತದೆ. ಹಿಡಿಕೆಯಲ್ಲಿ ಕಿರಿದಾದ ಮುಖ ಹಲಗೆಯ ಬೆನ್ನಿಗೆ ಕೂತು ಓರೆ ಅಂಚು ಕೆಳಗಿರಬೇಕು; ಅದರ ಚೂಪು ಆ ತೋಡಿನೊಳಗೆ ಇಳಿಯುತ್ತದೆ. ಭಾರ ಹೆಚ್ಚಾದಷ್ಟೂ ಓರೆ ಅಂಚು ಹಿಡಿಕೆಯನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತದೆ. ಈ ವಿಧಾನದ ಜಾಣ್ಮೆ ಇರುವುದೇ ಇಲ್ಲಿ.

ಎಲ್ಲ ತುಂಡುಗಳ ಚೂಪಾದ ಅಂಚನ್ನು ಕೀಸುಳಿಯಿಂದ 2 ಮಿ.ಮೀ. ಮಟ್ಟಸ ಮಾಡಿ. ಹಾಗೆ ಬಿಟ್ಟರೆ ಕೈ ಕೊಯ್ಯುತ್ತದೆ, ತೋಡಿನಲ್ಲಿ ಕೂತ ಮರದ ಹೊಟ್ಟು ಹಿಡಿಕೆಯನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ.

ಎತ್ತರ ನಿಗದಿ ಮತ್ತು ಗುರುತು

ಕೆಲಸದ ಮೇಜಿನ ಎತ್ತರ ಸುಮಾರು 860 ಮಿ.ಮೀ. ಎಂದಿಟ್ಟುಕೊಳ್ಳಿ. ಅದರ ಮೇಲೆ 300 ಮಿ.ಮೀ. ಖಾಲಿ ಬಿಡಿ, ಮರ, ಕಬ್ಬಿಣವನ್ನು ಬಿಗಿಹಿಡಿಯುವ ವೈಸಿಗೆ ಜಾಗ ಬೇಕು, ಕೊನೆಯ ಸಾಲಿನಿಂದ ತೂಗುವ ಉಪಕರಣಗಳಿಗೂ ಜಾಗ ಬೇಕು. ಮೊದಲ ಪಟ್ಟಿಯ ಕೆಳ ಅಂಚು ನೆಲದಿಂದ 1160 ಮಿ.ಮೀ. ಎತ್ತರದಲ್ಲಿರುತ್ತದೆ. ಅಲ್ಲಿಂದ 200 ಮಿ.ಮೀ. ಅಂತರಕ್ಕೆ ಒಂದರಂತೆ ಐದು ಪಟ್ಟಿ. ಐದನೆಯದರ ಮೇಲಂಚು ಎರಡು ಮೀಟರಿಗೆ ಸ್ವಲ್ಪ ಮೇಲೆ ಬರುತ್ತದೆ; ಐದೂವರೆ ಅಡಿ ಎತ್ತರದವರು ಸ್ಟೂಲಿಲ್ಲದೆ ಮುಟ್ಟಬಹುದು. ಆರನೆಯ ಸಾಲಿನ ಆಸೆ ಬೇಡ. ಕೈಗೆಟುಕದ ಸಾಲು ಬಲುಬೇಗ ಧೂಳಿನ ಅಟ್ಟವಾಗುತ್ತದೆ.

ರೀಪನ್ನು ಮೂರು ಅಡಿಯ ಐದು ತುಂಡು ಮಾಡಿ, 550 ಮಿ.ಮೀ. ಅಂತರಕ್ಕೆ ಒಂದರಂತೆ ಲಂಬವಾಗಿ ನಿಲ್ಲಿಸಬೇಕು; ಎರಡೂ ತುದಿಯಲ್ಲಿ ಪಟ್ಟಿ 120 ಮಿ.ಮೀ. ಹೊರಚಾಚಿರುತ್ತದೆ. ಲಂಬಕ್ಕೆ ತೂಕದ ಗುಂಡು ಇಳಿಬಿಡಿ. ಅಡ್ಡಮಟ್ಟಕ್ಕೆ ಒಂದು ಅಡಿಯ ರಸಮಟ್ಟ ಇಟ್ಟು 8 ಅಡಿಗೆ ಗೆರೆ ಎಳೆದರೆ ತುದಿಯಲ್ಲಿ ತಪ್ಪುತ್ತದೆ. ನಮ್ಮ ಗಾರೆಯವರು ಬಳಸುವ ನೀರಿನ ಟ್ಯೂಬೇ ಇದಕ್ಕೆ ಸರಿ: ಪಾರದರ್ಶಕ ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಎರಡು ತುದಿಗಳನ್ನು ಗೋಡೆಯ ಎರಡು ಕಡೆ ಹಿಡಿದರೆ ನೀರಿನ ಮಟ್ಟ ಸುಳ್ಳು ಹೇಳುವುದಿಲ್ಲ. ಎರಡು ಗುರುತಿನ ನಡುವೆ ಕಾವಿ ಅಥವಾ ನೀಲಿ ಪುಡಿ ಹಚ್ಚಿದ ನೂಲು ಬಿಗಿದು ಹೊಡೆದರೆ ಗೆರೆ ಸಿದ್ಧ.

ಕೊರೆಯುವುದು ಮತ್ತು ಕೂರಿಸುವುದು

ಪ್ರತಿ ರೀಪಿಗೆ ಮೂರು ತೂತು: ಮೇಲೊಂದು, ಕೆಳಗೊಂದು, ನಡುವೆ ಒಂದು. ಒಟ್ಟು ಹದಿನೈದು. ತೂತುಗಳನ್ನು ಮೊದಲು ರೀಪಿನಲ್ಲಿ ಕೊರೆದು, ಸ್ಕ್ರೂವಿನ ತಲೆ ಒಳಗಿಳಿಯುವಂತೆ ಬಾಯಿ ಅಗಲಿಸಿ. ಆಮೇಲೆ ರೀಪನ್ನು ಗುರುತಿನ ಮೇಲೆ ಹಿಡಿದು ಪೆನ್ಸಿಲಿನಿಂದ ಗೋಡೆಗೆ ಗುರುತು ದಾಟಿಸಿ.

ಡ್ರಿಲ್ಲಿನ 8 ಮಿ.ಮೀ. ಕಾಂಕ್ರೀಟ್ ಬಿಟ್ಟಿಗೆ ತುದಿಯಿಂದ 70 ಮಿ.ಮೀ. ದೂರದಲ್ಲಿ ಬಣ್ಣದ ಟೇಪು ಸುತ್ತಿ. ಅದು ಗೋಡೆ ಮುಟ್ಟಿದಾಗ ನಿಲ್ಲಿಸಿ. ಕೊರೆಯುವಾಗ ಉದುರುವ ಪುಡಿಯನ್ನು ಗಮನಿಸಿ. ಇಟ್ಟಿಗೆಯ ಗೋಡೆಯಾದರೆ ಮೊದಲು ಗಾರೆಯ ಬೂದು ಪುಡಿ, ನಂತರ ಕೆಂಪು ಪುಡಿ ಬರಬೇಕು. ಕೊನೆಯವರೆಗೂ ಬೂದು ಪುಡಿಯೇ ಬಂದು, ಡ್ರಿಲ್ ಬಿಟ್ಟು ಸಲೀಸಾಗಿ ಇಳಿದರೆ ನೀವು ಎರಡು ಇಟ್ಟಿಗೆಗಳ ನಡುವಿನ ಸಂದಿಗೆ ಸಿಕ್ಕಿದ್ದೀರಿ, ಹಿಡಿತ ಕಡಿಮೆ. ಒಂದೂವರೆ ಇಂಚು ಮೇಲೆ ಅಥವಾ ಕೆಳಗೆ ಸರಿದು ಕೊರೆಯಿರಿ. ಬೂದು ಪುಡಿ ಬರುತ್ತಾ ಬಿಟ್ಟು ಮುಂದೆ ಹೋಗದೆ ಹಟ ಹಿಡಿದರೆ ಅದು ಕಾಂಕ್ರೀಟ್ ಕಂಬವೋ ಲಿಂಟೆಲ್ಲೋ ಇರಬೇಕು. ಹ್ಯಾಮರ್ ಇದ್ದರೆ ನಿಧಾನವಾಗಿ ಇಳಿಯುತ್ತದೆ, ಕಬ್ಬಿಣಕ್ಕೆ ತಾಗಿದರೆ ಮಾತ್ರ ಬಿಟ್ಟುಬಿಡಿ.

ತೂತಿನೊಳಗಿನ ಪುಡಿಯನ್ನು ತೆಗೆಯುವುದನ್ನು ಬಹಳಷ್ಟು ಜನ ಮರೆಯುತ್ತಾರೆ. ಪುಡಿ ತುಂಬಿದ ತೂತಿನಲ್ಲಿ ಪ್ಲಗ್ ಇಟ್ಟಿಗೆಯನ್ನು ಕಚ್ಚುವುದಿಲ್ಲ, ಪುಡಿಯ ಮೇಲೆ ಜಾರುತ್ತದೆ. ಸೈಕಲ್ ಪಂಪಿನ ನಳಿಕೆ ಇಟ್ಟು ಎರಡು ಸಲ ಗಾಳಿ ಹೊಡೆಯಿರಿ. ಕನ್ನಡಕ ಹಾಕಿಕೊಂಡೇ ಮಾಡಿ. ಪ್ಲಗ್ಗನ್ನು ಗಾರೆಯ ಮಟ್ಟಕ್ಕೆ ನಿಲ್ಲಿಸದೆ ದಪ್ಪ ಮೊಳೆಯಿಂದ ಒಳಗೆ ತಳ್ಳಿ ಇಟ್ಟಿಗೆಯವರೆಗೆ ಕಳಿಸಿ. ರೀಪು ಕೂರಿಸಿ, ಸ್ಕ್ರೂಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಗೋಡೆ ಡೊಂಕಾಗಿದ್ದಲ್ಲಿ ರೀಪಿನ ಹಿಂದೆ ತೆಳುವಾದ ಪ್ಲೈವುಡ್ ಚೂರು ಸೇರಿಸಿ ಐದೂ ರೀಪುಗಳನ್ನು ಒಂದೇ ಸಮತಳಕ್ಕೆ ತನ್ನಿ.

ಇನ್ನು ಮೇಲೆ ಎಲ್ಲವೂ ಮರಕ್ಕೆ ಮರ. ಕೆಳಗಿನ ಪಟ್ಟಿಯನ್ನು ನೂಲಿನ ಗೆರೆಗೆ ಹಿಡಿದು ಪ್ರತಿ ರೀಪಿನ ಮೇಲೆ ಎರಡೆರಡು ಸ್ಕ್ರೂ ಹಾಕಿ. 119 ಮಿ.ಮೀ. ಅಗಲಕ್ಕೆ ಕೊಯ್ದ ಎರಡು ಹಲಗೆ ತುಂಡುಗಳನ್ನು ಕೆಳಪಟ್ಟಿಯ ಮೇಲಿಟ್ಟು ಮುಂದಿನ ಪಟ್ಟಿಯನ್ನು ಅವುಗಳ ಮೇಲೆ ಕೂರಿಸಿದರೆ ಪ್ರತಿ ಸಲ ಅಳೆಯುವ ಕೆಲಸವಿಲ್ಲ. ಪಟ್ಟಿಗಳ ಹಿಂದೆ ಉಳಿಯುವ ಒಂದು ಇಂಚಿನ ಸಂದಿನಲ್ಲಿ ಗಾಳಿಯಾಡುತ್ತದೆ. ನಮ್ಮ ಮಳೆಗಾಲದಲ್ಲಿ ಪ್ಲೈವುಡ್ ಬಾಳಿಕೆ ಬರುವುದು ಇದರಿಂದಲೇ.

ಭಾರದ ಪರೀಕ್ಷೆ ಮಾಡದೆ ಒಂದೂ ಉಪಕರಣ ಏರಿಸಬೇಡಿ. ಗಟ್ಟಿಯಾದ ಹಿಡಿಕೆಯೊಂದನ್ನು ಮಾಡಿ, 15 ಲೀಟರಿನ ಬಕೆಟ್ಟಿನ ತುಂಬ ನೀರು ತುಂಬಿಸಿ ತೂಗುಹಾಕಿ. ಅದು 15 ಕಿಲೋಗಿಂತ ಹೆಚ್ಚು ತೂಗುತ್ತದೆ. ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ರೀಪು ಮತ್ತು ಗೋಡೆಯ ನಡುವೆ ಹೊಸ ಸಂದು ಕಾಣುತ್ತದೆಯೇ ಎಂದು ಟಾರ್ಚು ಹಾಕಿ ನೋಡಿ. ಪಟ್ಟಿಯ ನಡುವೆಯೂ ತುದಿಗಳಲ್ಲೂ ಈ ಪರೀಕ್ಷೆ ಆಗಲಿ.

ಹಿಡಿಕೆಗಳು

ಪ್ರತಿ ಹಿಡಿಕೆಯೂ ಒಂದು ಸಣ್ಣ ಹಲಗೆ, ಅದರ ಬೆನ್ನಿಗೆ ಅಂಟು ಮತ್ತು ಸ್ಕ್ರೂಗಳಿಂದ ಕೂರಿಸಿದ ಓರೆಪಟ್ಟಿಯ ತುಂಡು. ಹಗುರವಾದ ಉಪಕರಣಕ್ಕೆ ಹಲಗೆ ಒಂದು ಪಟ್ಟಿಯಷ್ಟು ಇಳಿದರೆ ಸಾಕು. ಭಾರದ ಉಪಕರಣಕ್ಕೆ ಅದು ಕೆಳಗಿನ ಪಟ್ಟಿಯವರೆಗೂ ಇಳಿದು ಅದರ ಮುಖಕ್ಕೆ ಒರಗಬೇಕು, ಇಲ್ಲವಾದರೆ ತಳ ಒಳಕ್ಕೆ ವಾಲುತ್ತದೆ.

ಉಳಿಗಳಿಗೆ ಅಡ್ಡ ಹಲಗೆಯಲ್ಲಿ ತೂತು ಕೊರೆದು, ಪ್ರತಿ ತೂತಿನಿಂದ ಮುಂಭಾಗಕ್ಕೆ ಅಲಗು ಹಾಯುವಷ್ಟು ಸೀಳು ಬಿಡಿ. ಉಳಿಯನ್ನು ಮೇಲಕ್ಕೆ ಪೂರ್ತಿ ಎತ್ತುವ ಬದಲು ಸ್ವಲ್ಪ ಎತ್ತಿ ಮುಂದಕ್ಕೆ ತೆಗೆಯಬಹುದು. ಅಲಗುಗಳ ಮುಂದೆ ತೆಳುವಾದ ಹಲಗೆಯೊಂದನ್ನು ಅಡ್ಡ ಹಾಕಿ. ಮೇಜಿನ ಮೇಲೆ ಬಗ್ಗಿದಾಗ ಹಣೆಗೆ ತಾಗಬಾರದು. ಸ್ಪ್ಯಾನರುಗಳಿಗೆ ಓರೆಯಾಗಿ ಸೀಳಿದ ಗಾಡಿಗಳ (ಮರದಲ್ಲಿ ಕೊಯ್ದ ಸೀಳುಗಳ) ಸಾಲು ಚೆನ್ನ. ಅಂಗಡಿಯಲ್ಲಿ ಸಿಗುವ ಎಂಟರ ಸೆಟ್ಟು 6-7ರಿಂದ ಶುರುವಾಗಿ 20-22ಕ್ಕೆ ಮುಗಿಯುತ್ತದೆ. ಅದೇ ಕ್ರಮದಲ್ಲಿ ಇಟ್ಟು ಪ್ರತಿ ಗಾಡಿಯ ಕೆಳಗೆ ಸಂಖ್ಯೆ ಬರೆಯಿರಿ. ಇಕ್ಕಳಗಳಿಗೆ ಒಂದು ಅಡ್ಡಪಟ್ಟಿ ಸಾಕು, ಒಂದು ಕಾಲು ಒಳಗೆ ಇನ್ನೊಂದು ಹೊರಗೆ ಹಾಕಿ ನೇತುಹಾಕಿ.

ಕೈಗರಗಸಕ್ಕೆ ಅದರ ಹಿಡಿಯ ಒಳತೂತಿನ ಆಕಾರದ ಮರದ ತುಂಡು ಕೊಯ್ದು ಹಲಗೆಗೆ ಕೂರಿಸಿ, ಮೇಲೆ ತಿರುಗುವ ಚಿಲಕವೊಂದನ್ನು ಇಡಿ. ಡ್ರಿಲ್ಲಿಂಗ್ ಮೆಷಿನ್ನಿಗೆ ಮುಂದೆ ತೆರೆದ ಅಗಲ ಗಾಡಿಯ ಸಣ್ಣ ಕಪಾಟು. ಮೂತಿ ಮುಂದಿರುವಂತೆ, ಹಿಡಿ ಗಾಡಿಯಿಂದ ಕೆಳಕ್ಕೆ ತೂಗುವಂತೆ ಮಲಗಿಸಿ. ಆಳವಾದ ಕಪಾಟುಗಳನ್ನು ಮಾಡಬೇಡಿ. ಅದೇ ಭಾರ ಗೋಡೆಯಿಂದ ದೂರ ಹೋದಷ್ಟೂ ಮೇಲಿನ ಸ್ಕ್ರೂವನ್ನು ಕೀಳುವ ಬಲ ಹೆಚ್ಚುತ್ತದೆ; 200 ಮಿ.ಮೀ. ಆಳ ಮೀರದಿರಲಿ.

ಪ್ಲಂಬಿಂಗಿನಲ್ಲಿ ಉಳಿದ ಪಿವಿಸಿ ಪೈಪಿನ ತುಂಡುಗಳನ್ನು ಎಸೆಯಬೇಡಿ. ಬಾಯಿಯನ್ನು ಓರೆಯಾಗಿ ಕೊಯ್ದು, ಬೆನ್ನಿಗೆ ಎರಡು ಸ್ಕ್ರೂ ಹಾಕಿ ಹಲಗೆಗೆ ಕೂರಿಸಿದರೆ ಅರ, ಬ್ರಷ್, ಉದ್ದದ ಸ್ಕ್ರೂ ಡ್ರೈವರುಗಳಿಗೆ ಅದಕ್ಕಿಂತ ಅಗ್ಗದ ಗೂಡಿಲ್ಲ. ಅರಗಳಿಗೆ ಮಾತ್ರ ಒಂದೊಂದಕ್ಕೂ ಪ್ರತ್ಯೇಕ ಪೈಪು. ಮೊಳೆ, ಸ್ಕ್ರೂ, ವಾಷರುಗಳಿಗೆ ಉಪ್ಪಿನಕಾಯಿಯ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳಗಳನ್ನು ಕಪಾಟಿನ ತಳಕ್ಕೆ ಎರಡೆರಡು ಸ್ಕ್ರೂಗಳಿಂದ ಬಿಗಿದು, ಬಾಟಲಿಯನ್ನು ಕೆಳಗಿನಿಂದ ತಿರುಗಿಸಿ ಹಾಕಿ. ಒಂದೇ ಸ್ಕ್ರೂ ಹಾಕಿದರೆ ಮುಚ್ಚಳವೂ ಬಾಟಲಿಯ ಜೊತೆ ತಿರುಗುತ್ತದೆ.

ಗ್ರೈಂಡರಿನ ಕತ್ತರಿಸುವ ಡಿಸ್ಕುಗಳನ್ನು ನೇತುಹಾಕದೆ ಸಮತಟ್ಟಾದ ಒಣ ಕಪಾಟಿನಲ್ಲಿ ಮಲಗಿಸಿ. ಅವುಗಳ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ತೇವ ಕುಡಿದ, ಅವಧಿ ಮೀರಿದ ಡಿಸ್ಕು ವೇಗದಲ್ಲಿ ಸಿಡಿಯಬಹುದು; ಅದನ್ನು ಬಳಸಬೇಡಿ.

ಆಯಸ್ಕಾಂತದ ಪಟ್ಟಿ ಡ್ರಿಲ್ ಬಿಟ್ಟುಗಳಿಗೆ ಅನುಕೂಲ. ಅರಗಳನ್ನು ಅದಕ್ಕೆ ಅಂಟಿಸಬೇಡಿ, ಅವು ಕಾಂತವಾಗಿ ಕಬ್ಬಿಣದ ಪುಡಿಯನ್ನು ಹಲ್ಲಿನ ಸಂದಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ.

ಯಾವುದು ಎಲ್ಲಿ

ಮೊಣಕೈಯಿಂದ ಕಣ್ಣಿನವರೆಗಿನ ಎತ್ತರವೇ ಗೋಡೆಯ ಅತಿ ಬೆಲೆಬಾಳುವ ಜಾಗ. ವಾರಕ್ಕೊಮ್ಮೆ ಮುಟ್ಟುವವು ಅಲ್ಲಿರಲಿ. ಭಾರದವು ಯಾವಾಗಲೂ ಕೆಳಸಾಲಿಗೆ. ತಲೆಯ ಮೇಲೆ ಪೈಪ್ ರೆಂಚ್ ತೂಗಾಡಬಾರದು. ಟೇಪು, ಪೆನ್ಸಿಲು, ಮೂಲೆಮಟ್ಟ ಮೇಜಿನ ನಡುಭಾಗಕ್ಕೆ ನೇರ ಎದುರಿಗೆ, ಏಕೆಂದರೆ ಪ್ರತಿ ಕೆಲಸವೂ ಅವುಗಳಿಂದಲೇ ಆರಂಭ. ಬಲಗೈಯಿಂದ ಎತ್ತುವ ಸುತ್ತಿಗೆ, ಸ್ಕ್ರೂ ಡ್ರೈವರುಗಳು ಬಲಕ್ಕೆ. ವಿದ್ಯುತ್ ಉಪಕರಣಗಳು ಪ್ಲಗ್ ಪಾಯಿಂಟಿನ ಹತ್ತಿರ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಲೆಕ್ಕ ಬದಲಾಗುತ್ತದೆ: ಅಲಗಿನವು ಮೇಲಿನ ಎರಡು ಸಾಲಿಗೆ ಹೋಗಲಿ, ಮೇಜಿನ ಬಳಿ ಸ್ಟೂಲು ಇರಬಾರದು.

ಒಂದು ತಿಂಗಳು ಹೀಗೆ ಕೆಲಸ ಮಾಡಿ. ಕೈ ತಾನಾಗಿ ಹೋಗುವ ಕಡೆ ಯಾವ ಉಪಕರಣ ಇಲ್ಲವೋ ಅದನ್ನು ಅಲ್ಲಿಗೆ ಸರಿಸಿ. ಹಿಡಿಕೆಯನ್ನು ಎತ್ತಿ ಬೇರೆ ಕಡೆ ಇಡುವುದಷ್ಟೇ ಕೆಲಸ, ಡ್ರಿಲ್ ಬೇಕಿಲ್ಲ. ಜಾಗಗಳು ನೆಲೆಗೊಂಡ ಮೇಲೆ ಪ್ರತಿ ಹಿಡಿಕೆಯ ಹಲಗೆಯ ಮೇಲೆ ಅದರ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆಯಿರಿ. ಜಾಗ ಖಾಲಿಯಿದ್ದರೆ ಏನು ಕಾಣೆಯಾಗಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ವಿಮಾನ ದುರಸ್ತಿ ಮಾಡುವೆಡೆ ಇದೇ ಕ್ರಮವಿದೆ. ಒಂದು ಸ್ಪ್ಯಾನರ್ ಎಂಜಿನ್ನಿನೊಳಗೆ ಉಳಿದರೆ ಏನಾಗಬಹುದು ಎಂಬ ಭಯ ಅದರ ಹಿಂದಿದೆ. ಅಮೆರಿಕದ ಅಡುಗೆತಜ್ಞೆ ಜೂಲಿಯಾ ಚೈಲ್ಡ್ ಅವರ ಪತಿ ಪಾಲ್ ಅವರು ಹೆಂಡತಿಯ ಅಡುಗೆಮನೆಯ ಗೋಡೆಯ ಮೇಲೆ ಪಾತ್ರೆಗಳ ಆಕಾರ ಬರೆದುಕೊಟ್ಟಿದ್ದರು. ಆ ಅಡುಗೆಮನೆ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ನೆರೆಮನೆಯವರು ಉಪಕರಣ ಕೇಳಿದರೆ ಸಂತೋಷವಾಗಿ ಕೊಡಿ, ಖಾಲಿಯಾದ ಜಾಗದಲ್ಲಿ ಅವರ ಹೆಸರಿನ ಚೀಟಿ ತೂಗುಹಾಕಿ.

ತುಕ್ಕಿನಿಂದ ಕಾಪಾಡುವುದು

ಗೋಡೆಗೇರಿದ ಉಪಕರಣ ಗಾಳಿಗೆ ತೆರೆದುಕೊಂಡಿರುತ್ತದೆ, ಇದು ಈ ವಿಧಾನದ ನಿಜವಾದ ದೌರ್ಬಲ್ಯ. ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಹೆಚ್ಚು. ಕೈಬೆವರು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದ ಬಟ್ಟೆಯಿಂದ ಒಮ್ಮೆ ಸವರಿ ನೇತುಹಾಕುವ ಅಭ್ಯಾಸ ಮಾಡಿಕೊಳ್ಳಿ. ಆ ಬಟ್ಟೆಗೂ ಗೋಡೆಯ ಮೇಲೆ ಒಂದು ಜಾಗವಿರಲಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಯಲ್ಲಿ, ಉಳಿ ಮತ್ತು ಕೀಸುಳಿಯ ಅಲಗುಗಳಿಗೆ ತೆಳುವಾಗಿ ಗ್ರೀಸ್ ಬಳಿಯುವುದು ಒಳ್ಳೆಯದು.

ವರ್ಷದ ದೊಡ್ಡ ತಪಾಸಣೆಗೆ ನಮಗೆ ಬೇರೆ ದಿನ ಹುಡುಕಬೇಕಿಲ್ಲ, ಆಯುಧಪೂಜೆ ಇದೆ. ಹೇಗೂ ಎಲ್ಲವನ್ನೂ ಕೆಳಗಿಳಿಸುತ್ತೀರಿ. ಆಗಲೇ ಗೋಡೆಯ ಹದಿನೈದು ಸ್ಕ್ರೂಗಳ ಸುತ್ತ ಬಿರುಕು ಬಂದಿದೆಯೇ, ರೀಪಿನ ಮೇಲೆ ಗೆದ್ದಲಿನ ಮಣ್ಣಿನ ಜಾಡು ಇದೆಯೇ ನೋಡಿ. ತೋಡುಗಳಲ್ಲಿನ ಹೊಟ್ಟನ್ನು ಗುಡಿಸಿ ತೆಗೆಯಿರಿ. ಪೂಜೆಯ ಮರುದಿನ ಅರಿಶಿನ ಕುಂಕುಮದ ಒದ್ದೆ ಗುರುತನ್ನು ಉಕ್ಕಿನ ಮೇಲಿಂದ ಒರೆಸಿ ಎಣ್ಣೆ ಸವರಿ. ಹಾಗೇ ಬಿಟ್ಟರೆ ದೀಪಾವಳಿಯ ಹೊತ್ತಿಗೆ ಅದೇ ಆಕಾರದ ತುಕ್ಕು ಮೂಡಿರುತ್ತದೆ.

ಬಾಡಿಗೆ ಮನೆಯಲ್ಲಿದ್ದರೆ

ಮಾಲೀಕರು ತೂತಿಗೆ ಒಪ್ಪದಿದ್ದರೂ ಈ ವಿಧಾನವನ್ನು ಬಿಡಬೇಕಿಲ್ಲ. ರೀಪುಗಳನ್ನು ನೆಲದವರೆಗೆ ಉದ್ದ ಮಾಡಿ, ಕೆಲಸದ ಮೇಜಿನ ಹಿಂಗಾಲುಗಳಿಗೂ ಮೇಜಿನ ಹಿಂದಿನ ಅಂಚಿಗೂ ಬೋಲ್ಟ್ ಹಾಕಿ ಬಿಗಿಯಿರಿ. ಭಾರವೆಲ್ಲ ಮೇಜಿನ ಮೂಲಕ ನೆಲಕ್ಕೆ ಇಳಿಯುತ್ತದೆ, ಗೋಡೆ ಕೇವಲ ಒರಗು. ಹೀಗೆ ಮಾಡುವಾಗ ಅಗಲವನ್ನು 4 ಅಡಿಗೆ, ಸಾಲುಗಳನ್ನು ಮೂರಕ್ಕೆ ಇಳಿಸಿ. ಮೇಜು ಮುಂದಕ್ಕೆ ಮಗುಚದಂತೆ ಅದರ ಕೆಳಹಲಗೆಯ ಮೇಲೆ ವೈಸಿನ ಪೆಟ್ಟಿಗೆ, ಮೊಳೆಯ ಡಬ್ಬಿಗಳಂಥ ಭಾರದ ಸಾಮಾನು ಇಡಿ. ಮನೆ ಬದಲಿಸುವ ದಿನ ಹಿಡಿಕೆಗಳನ್ನು ಉಪಕರಣಗಳ ಸಮೇತ ಒಂದೊಂದಾಗಿ ಎತ್ತಿ ರಟ್ಟಿನ ಪೆಟ್ಟಿಗೆಗೆ ಇಳಿಸಬಹುದು. ಹೊಸ ಮನೆಯಲ್ಲಿ ಬೋಲ್ಟುಗಳನ್ನು ಮತ್ತೆ ಬಿಗಿದು ಅದೇ ಕ್ರಮದಲ್ಲಿ ನೇತುಹಾಕಿದರಾಯಿತು.